ಬಾರದ ಹಡಗಿನ ಲೆಕ್ಕ: ‘ಯುಎಸ್‌ಎಸ್ ಇಂಡಿಯಾನಾಪೊಲಿಸ್: ಮೆನ್ ಆಫ್ ಕರೇಜ್’ ನೋಡಿದ ಮೇಲೆ

ಮಾರಿಯೊ ವ್ಯಾನ್ ಪೀಬಲ್ಸ್ ನಿರ್ದೇಶಿಸಿ 2016ರಲ್ಲಿ ತೆರೆಗೆ ಬಂದ ‘ಯುಎಸ್‌ಎಸ್ ಇಂಡಿಯಾನಾಪೊಲಿಸ್: ಮೆನ್ ಆಫ್ ಕರೇಜ್’ ಚಿತ್ರವನ್ನು ಕಳೆದ ವಾರ ದಾವಣಗೆರೆಯ ನಮ್ಮ ಮನೆಯಲ್ಲಿ, ಮೊಮ್ಮಗನ ಜೊತೆ ಕುಳಿತು, ಎರಡು ರಾತ್ರಿ ನೋಡಿ ಮುಗಿಸಿದೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಜಪಾನಿನ ಜಲಾಂತರ್ಗಾಮಿಯೊಂದರ ಹೊಡೆತಕ್ಕೆ ಸಿಕ್ಕು ಹನ್ನೆರಡೇ ನಿಮಿಷದಲ್ಲಿ ಮುಳುಗಿಹೋದ ಅಮೆರಿಕದ ಯುದ್ಧನೌಕೆಯ ಕತೆ ಇದು. ಹಡಗಿನಲ್ಲಿದ್ದವರು ಸುಮಾರು 1,200 ಮಂದಿ, ಬದುಕಿ ದಡ ಕಂಡವರು 316 ಮಂದಿ. ಚಿತ್ರ ಚೆನ್ನಾಗಿದೆಯೇ ಎಂದು ಕೇಳಿದವರಿಗೆ ನಾನು ಒಂದೇ ಮಾತಿನ ಉತ್ತರ ಕೊಡಲಾರೆ. ಮೊದಲ ಭಾಗ ನನಗೆ ಬೇಸರ ತಂದಿತು, ಸಮುದ್ರದ ಭಾಗ ಅರ್ಧ ಹಿಡಿಸಿತು, ಅರ್ಧ ಹಿಡಿಸಲಿಲ್ಲ, ಕೊನೆಯ ವಿಚಾರಣೆಯ ಭಾಗ ಮಾತ್ರ ರಾತ್ರಿ ಬಹಳ ಹೊತ್ತು ನಿದ್ದೆ ಬಾರದಂತೆ ಮಾಡಿತು.

ನಿದ್ದೆ ಬಾರದ್ದಕ್ಕೆ ನಾನು ಮಾಡಿಕೊಂಡು ಬಂದ ಕೆಲಸವೂ ಒಂದು ಕಾರಣ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬಸ್ ನಿಲ್ದಾಣಗಳಲ್ಲಿ, ಬಹುಪಾಲು ಚಿತ್ರದುರ್ಗದಲ್ಲಿ, ಸಂಚಾರ ನಿಯಂತ್ರಕನಾಗಿದ್ದೆ. ಕಂಡಕ್ಟರ್ ಓಡಿಬಂದು ಕಿಟಕಿಯೊಳಗೆ ಹಾಳೆ ಚಾಚುತ್ತಾನೆ, ನಾವು ವೇಳೆ ಬರೆದು ಸಹಿ ಹಾಕುತ್ತೇವೆ, ಎಂಟ್ರಿ ಆಯಿತೆಂದು ಅವನು ಮತ್ತೆ ಗಾಡಿಗೆ ಓಡುತ್ತಾನೆ. ನಮ್ಮ ಕೆಲಸ ಇಷ್ಟೇ ಎಂದು ಪ್ರಯಾಣಿಕರು ತಿಳಿದಿರುತ್ತಾರೆ. ಬಂದ ಗಾಡಿಯನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಬರಬೇಕಾಗಿದ್ದು ಬಾರದ ಗಾಡಿಯನ್ನು ನೆನಪಿನಲ್ಲಿಟ್ಟುಕೊಂಡು, ಎಲ್ಲಿ ಹೋಯಿತು ಎಂದು ವಿಚಾರಿಸುವುದಕ್ಕಾಗಿಯೇ ಆ ಕಿಟಕಿಯ ಹಿಂದೆ ಒಬ್ಬ ಮನುಷ್ಯನನ್ನು ಕೂರಿಸಿರುತ್ತಾರೆ. ಈ ಚಿತ್ರದ ನಿಜವಾದ ದುರಂತ ಇರುವುದು ಆ ವಿಚಾರಣೆ ನಡೆಯದೇ ಹೋದದ್ದರಲ್ಲಿ ಎಂದು ನಾನು ನಂಬಿದ್ದೇನೆ. ಚಿತ್ರ ಅದನ್ನು ಮುಟ್ಟುತ್ತದೆ, ಆದರೆ ಹಿಡಿದು ನಿಲ್ಲುವುದಿಲ್ಲ.

ಮೊದಲು ನಡೆದ ಸಂಗತಿ. ಇಂಡಿಯಾನಾಪೊಲಿಸ್ 1932ರಲ್ಲಿ ಸೇವೆಗೆ ಸೇರಿದ, 610 ಅಡಿ ಉದ್ದದ ಭಾರೀ ಕ್ರೂಸರ್. 1945ರ ಮಾರ್ಚ್ 31ರಂದು ಒಕಿನಾವಾ ಬಳಿ ಜಪಾನಿನ ಆತ್ಮಾಹುತಿ ವಿಮಾನವೊಂದು ಅದಕ್ಕೆ ಬಡಿದು ಒಂಬತ್ತು ಮಂದಿ ಸತ್ತರು, ಹಡಗು ದುರಸ್ತಿಗೆಂದು ಕ್ಯಾಲಿಫೋರ್ನಿಯಾಕ್ಕೆ ಹಿಂದಿರುಗಿತು. ಜುಲೈ 16ರಂದು ಸ್ಯಾನ್‌ಫ್ರಾನ್ಸಿಸ್ಕೊದಿಂದ ಮತ್ತೆ ಹೊರಟಾಗ ಅದರ ಹೊಟ್ಟೆಯಲ್ಲಿ ಹಿರೋಶಿಮಾದ ಮೇಲೆ ಬೀಳಲಿದ್ದ ಅಣುಬಾಂಬಿನ ಭಾಗಗಳಿದ್ದವು. ಹೊತ್ತದ್ದು ಏನೆಂಬುದು ಹೊತ್ತವರಿಗೆ ಗೊತ್ತಿರಲಿಲ್ಲ. ಜುಲೈ 26ರಂದು ಟಿನಿಯನ್ ದ್ವೀಪದಲ್ಲಿ ಅದನ್ನು ಇಳಿಸಿ, ಗ್ವಾಮ್‌ಗೆ ಹೋಗಿ, 28ರಂದು ಫಿಲಿಪ್ಪೀನ್ಸಿನ ಲೇಟೆಗೆ ಒಂಟಿಯಾಗಿ ಹೊರಟಿತು. ಕ್ಯಾಪ್ಟನ್ ಚಾರ್ಲ್ಸ್ ಮ್ಯಾಕ್‌ವೇ ಬೆಂಗಾವಲು ಹಡಗು ಕೇಳಿದ್ದರು, ಕೊಡಲಿಲ್ಲ. ಆ ದಾರಿಯ ಸುತ್ತಮುತ್ತ ಶತ್ರುಗಳ ಜಲಾಂತರ್ಗಾಮಿಗಳು ಓಡಾಡುತ್ತಿವೆ, ಜುಲೈ 24ರಂದು ಅಂಡರ್‌ಹಿಲ್ ಎಂಬ ಹಡಗು ಅಲ್ಲಿಯೇ ಹಾಳಾಗಿದೆ ಎಂಬ ವಿಷಯ ಮೇಲಿನವರಿಗೆ ತಿಳಿದಿತ್ತು. ಅದನ್ನೂ ಮ್ಯಾಕ್‌ವೇ ಅವರಿಗೆ ತಿಳಿಸಲಿಲ್ಲ. ಜುಲೈ 30ರ ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಐ-58 ಎಂಬ ಜಲಾಂತರ್ಗಾಮಿ ಬಿಟ್ಟ ಟಾರ್ಪಿಡೊಗಳಲ್ಲಿ ಎರಡು ಹಡಗಿನ ಬಲಮಗ್ಗುಲಿಗೆ ಬಡಿದವು. ಸುಮಾರು 300 ಮಂದಿ ಹಡಗಿನೊಂದಿಗೇ ಮುಳುಗಿದರು, ಸುಮಾರು 900 ಮಂದಿ ಕತ್ತಲೆಯಲ್ಲಿ, ಎಣ್ಣೆ ಹರಡಿದ ನೀರಿನಲ್ಲಿ ಉಳಿದರು.

ಇಷ್ಟು ಗಟ್ಟಿಯಾದ ಕತೆ ಕೈಯಲ್ಲಿರುವಾಗ ಚಿತ್ರ ಒಬ್ಬಳೇ ಹುಡುಗಿಯನ್ನು ಪ್ರೀತಿಸುವ ಇಬ್ಬರು ನಾವಿಕ ಗೆಳೆಯರ ಪ್ರಸಂಗವನ್ನು ಹೊಸೆದು ತಂದು ಬಹಳ ಹೊತ್ತನ್ನು ಅದಕ್ಕೆ ಕೊಡುತ್ತದೆ. ಸಾಯಲಿರುವವರು ನಮಗೆ ಮೊದಲು ಪರಿಚಯವಾಗಲಿ ಎಂಬ ಉದ್ದೇಶ ಅರ್ಥವಾಗುತ್ತದೆ, ಆದರೆ ಆ ಪರಿಚಯ ಕುಣಿತದ ಕೂಟದಲ್ಲಿಯೇ ಆಗಬೇಕೆಂದಿಲ್ಲ. ಹತ್ತೊಂಬತ್ತು ಇಪ್ಪತ್ತು ವರ್ಷದ ಆ ಹುಡುಗರು ಹಡಗಿನಲ್ಲಿ ಏನು ಕೆಲಸ ಮಾಡುತ್ತಿದ್ದರು, ಯಾರು ಇಂಜಿನ್ ಕೋಣೆಯ ಸೆಕೆಯಲ್ಲಿ ಇರುತ್ತಿದ್ದರು, ಯಾರು ರೇಡಿಯೊ ಮುಂದೆ ಕೂರುತ್ತಿದ್ದರು, ಸೆಕೆ ತಾಳಲಾರದೆ ಯಾರು ಮೇಲಿನ ಅಟ್ಟದಲ್ಲಿ ಮಲಗಿದ್ದರು ಎಂಬುದನ್ನು ತೋರಿಸಿದ್ದರೆ ಸಾಕಾಗಿತ್ತು. ಕೆಳಗೆ ಮಲಗಿದವರು ಸತ್ತರು, ಮೇಲೆ ಮಲಗಿದ್ದವರಲ್ಲಿ ಅನೇಕರು ನೀರಿಗೆ ಧುಮುಕಲು ಸಾಧ್ಯವಾಯಿತು. ಈ ವ್ಯತ್ಯಾಸ ನೋಡುಗನಿಗೆ ಮೊದಲೇ ತಿಳಿದಿದ್ದರೆ ಆ ಹನ್ನೆರಡು ನಿಮಿಷಗಳ ತೂಕವೇ ಬೇರೆಯಾಗುತ್ತಿತ್ತು.

ಹಡಗು ಮುಳುಗುವ ಭಾಗದಲ್ಲಿ ಕಂಪ್ಯೂಟರಿನಿಂದ ಮಾಡಿದ ಬೆಂಕಿ ಮತ್ತು ನೀರು ಕಣ್ಣಿಗೆ ಹಗುರವಾಗಿ ಕಾಣುತ್ತವೆ. ದೊಡ್ಡ ವಸ್ತುವೊಂದು ಮಗುಚುವಾಗ ಇರಬೇಕಾದ ಭಾರ ಅಲ್ಲಿಲ್ಲ. ಇದಕ್ಕೆ ಪ್ರತಿಯಾಗಿ, ಅಲಬಾಮಾದ ಮೊಬೀಲ್ ನಗರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಯುಎಸ್‌ಎಸ್ ಅಲಬಾಮಾ ಎಂಬ ನಿಜವಾದ ಯುದ್ಧನೌಕೆಯ ಮೇಲೆ ಚಿತ್ರೀಕರಿಸಿದ ದೃಶ್ಯಗಳಲ್ಲಿ ಕಬ್ಬಿಣದ ಗಟ್ಟಿತನ ಕೈಗೆ ತಾಗುವಂತಿದೆ. ಮೊಮ್ಮಗನನ್ನು ಒಮ್ಮೆ ಕಾರವಾರಕ್ಕೆ ಕರೆದುಕೊಂಡು ಹೋಗಿ ಕಡಲತೀರದ ಐಎನ್‌ಎಸ್ ಚಪಲ್ ತೋರಿಸಿದ್ದೆ. ಅದು ಚಿಕ್ಕ ಕ್ಷಿಪಣಿ ದೋಣಿ. ಅದರೊಳಗೆ ಇಳಿಯುವಾಗಲೇ ಅವನು ತಲೆ ತಗ್ಗಿಸಿ, ಏಣಿಯ ಸರಳು ಬಿಗಿಹಿಡಿದು, ‘ಅಜ್ಜ, ಕರೆಂಟ್ ಹೋದ್ರೆ ಇಲ್ಲಿಂದ ಹೆಂಗ್ ಹೊರಗೆ ಬರ್ತಾರೆ?’ ಎಂದು ಕೇಳಿದ್ದ. ಇಂಡಿಯಾನಾಪೊಲಿಸ್‌ನಲ್ಲಿ ಕರೆಂಟ್ ಹೋಗಿತ್ತು. ಧ್ವನಿವರ್ಧಕ ಕೆಟ್ಟು, ಹಡಗು ಬಿಡಿ ಎಂಬ ಆಜ್ಞೆಯನ್ನು ಬಾಯಿಂದ ಬಾಯಿಗೆ ದಾಟಿಸಬೇಕಾಯಿತು. ಇಂಜಿನ್ ಕೋಣೆಗೆ ಸುದ್ದಿ ಮುಟ್ಟಿಸಲಾಗದೆ ಹಡಗು ಮುಂದೆ ಓಡುತ್ತಲೇ, ಸೀಳಿದ ಮೂತಿಯಿಂದ ನೀರು ಕುಡಿಯುತ್ತಲೇ ಮುಳುಗಿತು.

ನೀರಿನಲ್ಲಿ ಕಳೆದ ನಾಲ್ಕು ಹಗಲು ಐದು ರಾತ್ರಿಗಳು ಚಿತ್ರದ ನಡುಭಾಗ. ನನ್ನ ದೊಡ್ಡ ತಕರಾರು ಇರುವುದು ಇಲ್ಲಿಯೇ. ಚಿತ್ರಕ್ಕೆ ಶಾರ್ಕ್ ಮೀನುಗಳ ಮೇಲೆ ವಿಪರೀತ ಒಲವು. ಶಾರ್ಕ್‌ಗಳು ಬಂದದ್ದು ನಿಜ, ಜನರನ್ನು ಎಳೆದೊಯ್ದದ್ದೂ ನಿಜ. ಆದರೆ ನೀರಿನಲ್ಲಿದ್ದವರಲ್ಲಿ ಬಹಳಷ್ಟು ಮಂದಿಯನ್ನು ಕೊಂದದ್ದು ಗಾಯ, ಬಿಸಿಲು, ರಾತ್ರಿಯ ಚಳಿ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನೀರಡಿಕೆ. ಶಾರ್ಕ್ ತೋರಿಸುವುದು ಸುಲಭ, ಅದು ಬಾಯಿ ತೆರೆದು ಬರುತ್ತದೆ, ನೋಡುವವರು ಕೂತಲ್ಲಿಯೇ ಬೆಚ್ಚುತ್ತಾರೆ. ನೀರಡಿಕೆಯನ್ನು ತೋರಿಸಬೇಕಾದರೆ ತಾಳ್ಮೆ ಬೇಕು, ಒಂದು ಮುಖವನ್ನು ಬಹಳ ಹೊತ್ತು ಹಾಗೆಯೇ ನೋಡುತ್ತಿರಬೇಕು.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನ ಕಡೆ ಬೇಸಿಗೆಯಲ್ಲಿ ಬೋರ್‌ವೆಲ್ ಕೊನೆಯ ಉಸಿರೆಳೆಯುವಾಗ ಬರುವ ಸವುಳು ನೀರನ್ನು ಕುಡಿದವರಿಗೆ ಗೊತ್ತು: ಕುಡಿದ ಕ್ಷಣ ಗಂಟಲು ಒದ್ದೆಯಾಗುತ್ತದೆ, ಸ್ವಲ್ಪ ಹೊತ್ತಿಗೆ ಮೊದಲಿಗಿಂತ ಹೆಚ್ಚು ದಾಹವಾಗುತ್ತದೆ. ನನ್ನ ಅವ್ವ ಅಂಥ ನೀರನ್ನು ಕೊಡದಲ್ಲಿ ತುಂಬಿಟ್ಟರೂ ಮಕ್ಕಳಿಗೆ ಕುಡಿಯಲು ಬಿಡುತ್ತಿರಲಿಲ್ಲ, ಮೈಲಿ ದೂರದ ಸಿಹಿನೀರಿನ ಬಾವಿಯಿಂದ ತಂದ ಒಂದು ಬಿಂದಿಗೆ ಬೇರೆ ಇರುತ್ತಿತ್ತು. ಸಮುದ್ರದ ಉಪ್ಪು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕುಡಿದ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತಲೂ ಹೆಚ್ಚು ನೀರು ಬೇಕಾಗುತ್ತದೆ, ಅದನ್ನು ಅದು ಮೈಯಿಂದಲೇ ಹೀರುತ್ತದೆ. ಕೊನೆಗೆ ಮಿದುಳು ಕದಡುತ್ತದೆ. ಇಂಡಿಯಾನಾಪೊಲಿಸ್‌ನ ನಾವಿಕರು ಎರಡು ಮೂರು ದಿನ ತಡೆದುಕೊಂಡು, ಆಮೇಲೆ ತಡೆಯಲಾರದೆ ಆ ನೀರನ್ನು ಕುಡಿದರು. ಕುಡಿದವರಿಗೆ ಪಕ್ಕದಲ್ಲೇ ದ್ವೀಪ ಕಂಡಿತು. ಹಡಗು ಕೆಳಗೇ ನಿಂತಿದೆ, ಅದರಲ್ಲಿ ಸಿಹಿನೀರಿದೆ ಎಂದು ಕೆಲವರು ಲೈಫ್ ಜಾಕೆಟ್ ಬಿಚ್ಚಿ ಮುಳುಗು ಹಾಕಿದರು. ಪಕ್ಕದಲ್ಲಿದ್ದ ಗೆಳೆಯನೇ ಜಪಾನಿ ಸೈನಿಕನಂತೆ ಕಂಡು ಕೆಲವರು ಹೊಡೆದಾಡಿದರು. ಚಿತ್ರದಲ್ಲಿ ಈ ಭ್ರಮೆಯ ಭಾಗ ಬರುವುದಾದರೂ, ಅದು ನೋಡುಗನ ಎದೆಗೆ ಇಳಿಯುವಷ್ಟು ಹೊತ್ತು ನಿಲ್ಲುವುದಿಲ್ಲ.

ಇನ್ನೊಂದು ವಸ್ತುವನ್ನು ನಾನು ಹತ್ತಿರದಿಂದ ನೋಡಲು ಬಯಸಿದ್ದೆ. ಆ ನಾವಿಕರು ತೊಟ್ಟಿದ್ದ ಲೈಫ್ ಜಾಕೆಟ್‌ಗಳಲ್ಲಿ ಹಲವು ಕೇಪಕ್ ತುಂಬಿದಂಥವು. ಕೇಪಕ್ ಎಂದರೆ ನಮ್ಮ ಕಡೆ ಹಿಂದೆ ದಿಂಬಿಗೆ ತುಂಬುತ್ತಿದ್ದ ಬೂರುಗದ ಅರಳೆಯ ಜಾತಿಯದು. ಅದರ ಎಳೆ ಒಳಗೆ ಟೊಳ್ಳು, ಮೇಲೆ ಮೇಣದ ಪದರ, ಆದ್ದರಿಂದ ತೇಲುತ್ತದೆ. ಆದರೆ ಅದನ್ನು ನಂಬಬಹುದಾದದ್ದು ಸುಮಾರು ಎರಡು ದಿನ ಮಾತ್ರ. ನಾಲ್ಕನೆಯ ದಿನದ ಹೊತ್ತಿಗೆ ನೀರು ಕುಡಿದು ಭಾರವಾದ ಜಾಕೆಟ್‌ಗಳಲ್ಲಿ ಮನುಷ್ಯರು ಗದ್ದದವರೆಗೂ ಇಳಿದಿದ್ದರು, ಬಾಯಿ ಮೂಗು ನೀರಿನ ಮೇಲಿರಲಿ ಎಂದು ಕುತ್ತಿಗೆ ಎತ್ತಿಯೇ ಇರಬೇಕಾಗಿತ್ತು. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಒಣ ಅರಳೆಯ ಹಗುರವನ್ನೂ ನೆನೆದ ಅರಳೆಯ ಭಾರವನ್ನೂ ಕೈಯಾರೆ ತೂಗಿ ನೋಡಿದವರು ಬಹಳ ಮಂದಿ ಇದ್ದಾರೆ. ಅಂಥವರಿಗೆ ಆ ಜಾಕೆಟ್ ದಿನದಿಂದ ದಿನಕ್ಕೆ ಇಳಿಯುವುದನ್ನು ತೋರಿಸಿದರೆ ಸಾಕಿತ್ತು, ಶಾರ್ಕ್ ಬೇಕಾಗಿರಲಿಲ್ಲ.

ನಟರಲ್ಲಿ ಮ್ಯಾಕ್‌ವೇ ಪಾತ್ರದ ನಿಕೋಲಸ್ ಕೇಜ್ ಬಗ್ಗೆ ನನಗೆ ಗೌರವ ಹೆಚ್ಚಿತು. ಅಬ್ಬರಿಸಿ ನಟಿಸಬಲ್ಲವರೆಂದು ಹೆಸರಾದ ಅವರು ಇಲ್ಲಿ ದನಿ ಏರಿಸುವುದೇ ಕಡಿಮೆ, ಮಾತಾಡಬೇಕಾದಲ್ಲಿ ಬಾಯಿ ಬಿಗಿದುಕೊಂಡು ನಿಲ್ಲುತ್ತಾರೆ. ಹಡಗು ಕಳೆದುಕೊಂಡ ಕ್ಯಾಪ್ಟನ್ ಹಾಗೆಯೇ ಇದ್ದಿರಬೇಕು ಎನ್ನಿಸುತ್ತದೆ. ಹಳೆಯ ಅನುಭವಿ ನಾವಿಕನಾಗಿ ಟಾಮ್ ಸೈಜ್‌ಮೋರ್ ಇದ್ದಾರೆ, ಅವರು ಇದ್ದಷ್ಟು ಹೊತ್ತು ಚಿತ್ರಕ್ಕೆ ಹಡಗಿನ ವಾಸನೆ ಬರುತ್ತದೆ. ಉಳಿದ ಹುಡುಗರಲ್ಲಿ ಯಾರು ಯಾರೆಂದು ಗುರುತು ಹಿಡಿಯುವುದು, ಮುಖಕ್ಕೆಲ್ಲ ಎಣ್ಣೆ ಮೆತ್ತಿದ ಮೇಲೆ, ನನ್ನಿಂದ ಆಗಲಿಲ್ಲ.

ಇನ್ನು ನನ್ನ ನಿದ್ದೆ ಕೆಡಿಸಿದ ವಿಷಯ. ಇಂಡಿಯಾನಾಪೊಲಿಸ್ ಜುಲೈ 31ರಂದು, ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಲೇಟೆ ತಲುಪಬೇಕಾಗಿತ್ತು. ತಲುಪಲಿಲ್ಲ. ಯುದ್ಧನೌಕೆಗಳ ಆಗಮನವನ್ನು ವರದಿ ಮಾಡಬೇಕಾಗಿಲ್ಲ ಎಂದು ಮೇಲಿನಿಂದ ಒಂದು ಸುತ್ತೋಲೆ ಇತ್ತು. ಬಂದದ್ದನ್ನು ವರದಿ ಮಾಡಬೇಕಾಗಿಲ್ಲ ಎಂದರೆ ಬಾರದ್ದನ್ನೂ ವರದಿ ಮಾಡಬೇಕಾಗಿಲ್ಲ ಎಂದು ಕೆಳಗಿನವರು ಅರ್ಥ ಮಾಡಿಕೊಂಡರು. ಗ್ವಾಮ್‌ನ ಕಚೇರಿಯಲ್ಲಿ ಹಡಗುಗಳ ಜಾಗ ಗುರುತಿಸುವ ಹಲಗೆಯಿಂದ, ವೇಳೆಯಾಯಿತು, ತಲುಪಿರುತ್ತದೆ ಎಂದು ಇಂಡಿಯಾನಾಪೊಲಿಸ್‌ನ ಗುರುತನ್ನು ತೆಗೆದರು. ಲೇಟೆಯ ಕಡೆಯ ಕೇಂದ್ರ ಕಚೇರಿಯಲ್ಲಿ ಅದು ತಲುಪಿದೆ ಎಂದೇ ದಾಖಲಾಯಿತು. ಹಡಗು ಬರಲಿದೆ ಎಂದು ಅಲ್ಲಿನ ಒಬ್ಬ ಅಡ್ಮಿರಲ್‌ಗೆ ಕಳಿಸಿದ್ದ ಸಂದೇಶ ಕಲಸಿಹೋಗಿ ಬಂದಿತ್ತು, ಮತ್ತೊಮ್ಮೆ ಕಳಿಸಿ ಎಂದು ಅವರ ಕಡೆಯವರು ಕೇಳಲಿಲ್ಲ. ಬಂದರಿನ ಅಧಿಕಾರಿಯೊಬ್ಬರಿಗೆ ಹಡಗು ಬಂದಿಲ್ಲವೆಂಬುದು ಗೊತ್ತಿದ್ದರೂ ಮುಂದೆ ವಿಚಾರಿಸಲಿಲ್ಲ. ಆ ಹೊತ್ತಿಗೆ ಮುನ್ನೂರು ಮೈಲಿಗೂ ಆಚೆ ನೂರಾರು ಹುಡುಗರು ಇನ್ನೂ ಜೀವಂತವಾಗಿದ್ದರು, ಯಾರಾದರೂ ಹುಡುಕಿಕೊಂಡು ಬಂದೇ ಬರುತ್ತಾರೆ ಎಂದು ಆಕಾಶ ನೋಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೊಬೈಲ್ ಫೋನುಗಳು ಬರುವ ಎಷ್ಟೋ ಮೊದಲು, ಮೊಳಕಾಲ್ಮೂರು ಕಡೆಯ ಒಂದು ಹಳ್ಳಿಗೆ ಹೋದ ನೈಟ್ ಹಾಲ್ಟ್ ಗಾಡಿ ಬೆಳಿಗ್ಗೆ ಎಂಟಕ್ಕೆ ದುರ್ಗಕ್ಕೆ ಬರಬೇಕಾಗಿದ್ದು ಬರಲಿಲ್ಲ. ಮಳೆಗಾಲ, ತಡವಾಗಿರಬಹುದು ಎಂದು ನಾನು ಸುಮ್ಮನೆ ಕೂತಿದ್ದೆ. ನಮ್ಮ ಹಿರಿಯ ನಿಯಂತ್ರಕರು ಗಡಿಯಾರ ನೋಡಿದವರು, ‘ಎಂಟೂವರೆ ಆತು, ಇನ್ನೂ ಸುಮ್ನೆ ಕುಂತೀಯಲ್ಲೋ, ಚಳ್ಳಕೆರೆಗೆ ಫೋನ್ ಹಚ್ಚು’ ಎಂದರು. ಚಳ್ಳಕೆರೆಯವರು ನೋಡಿರಲಿಲ್ಲ. ಆ ಕಡೆಗೆ ಹೊರಟಿದ್ದ ಇನ್ನೊಂದು ಗಾಡಿಯ ಡ್ರೈವರ್‌ಗೆ ಹೇಳಿ ಕಳಿಸಿದೆವು. ಹಳ್ಳ ತುಂಬಿ ಬಂದು ಗಾಡಿ ಆಚೆ ದಡದಲ್ಲಿ ನಿಂತಿತ್ತು, ಪ್ರಯಾಣಿಕರು ಶಾಲೆಯ ಜಗಲಿಯ ಮೇಲೆ ಕೂತಿದ್ದರು, ಊರವರು ಮಂಡಕ್ಕಿ, ಚಹಾ ಕೊಟ್ಟಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಆದರೂ ಆ ಗಾಡಿ ಮಧ್ಯಾಹ್ನ ನಿಲ್ದಾಣದೊಳಗೆ ತಿರುಗಿ ಬಂದು ನಿಂತು, ಕಂಡಕ್ಟರ್ ಕೆಸರುಗಾಲಲ್ಲಿ ಬಂದು ಹಾಳೆ ಚಾಚುವವರೆಗೆ ಆ ಹಿರಿಯರು ಊಟಕ್ಕೆ ಏಳಲಿಲ್ಲ. ಒಂದು ಗಾಡಿಗೆ ಇಷ್ಟು ಕಾಯುವವರಿದ್ದರೆ, ಸಾವಿರದ ಇನ್ನೂರು ಜನರ ಹಡಗಿಗೆ ಲೇಟೆಯಲ್ಲಿ ಅಂಥ ಒಬ್ಬರು ಇರಲಿಲ್ಲವಲ್ಲ ಎಂಬ ಸಂಕಟ ಚಿತ್ರ ನೋಡುವಾಗ ನನ್ನನ್ನು ಬಿಡಲಿಲ್ಲ. ಆ ಹಲಗೆಯಿಂದ ಒಂದು ಗುರುತನ್ನು ತೆಗೆಯುವ ಕೈಯನ್ನು ನಿರ್ದೇಶಕರು ಮನಸ್ಸಿನಲ್ಲಿ ಉಳಿಯುವಂತೆ ತೋರಿಸಿದ್ದರೆ, ಅದು ಎಲ್ಲ ಶಾರ್ಕ್‌ಗಳಿಗಿಂತ ಭಯಂಕರವಾದ ದೃಶ್ಯವಾಗುತ್ತಿತ್ತು.

ಕೊನೆಗೆ ಅವರು ಸಿಕ್ಕಿದ್ದು ಆಕಸ್ಮಿಕವಾಗಿ. ಆಗಸ್ಟ್ 2ರಂದು ಗಸ್ತು ತಿರುಗುತ್ತಿದ್ದ ವಿಮಾನದ ಪೈಲಟ್ ವಿಲ್ಬರ್ ಗ್ವಿನ್, ವಿಮಾನದ ಹಿಂದೆ ಇಳಿಬಿಟ್ಟ ಆಂಟೆನಾ ತೊಂದರೆ ಕೊಡುತ್ತಿದ್ದುದನ್ನು ನೋಡಲು ಹೋದಾಗ ಕೆಳಗೆ ಎಣ್ಣೆಯ ಪಟ್ಟಿ ಕಂಡಿತು, ಆಮೇಲೆ ತಲೆಗಳು ಕಂಡವು. ನಂತರ ಬಂದ ನೀರ್ವಿಮಾನದ ಪೈಲಟ್ ಏಡ್ರಿಯನ್ ಮಾರ್ಕ್ಸ್, ತೆರೆದ ಸಮುದ್ರದಲ್ಲಿ ಇಳಿಯಬಾರದೆಂಬ ನಿಯಮವನ್ನು ಮೀರಿ ಅಲೆಗಳ ಮೇಲೆ ಇಳಿದು 56 ಮಂದಿಯನ್ನು ಎತ್ತಿಕೊಂಡರು. ಒಳಗೆ ಜಾಗ ಸಾಲದಾದಾಗ ಉಳಿದವರನ್ನು ರೆಕ್ಕೆಗಳ ಮೇಲೆ ಮಲಗಿಸಿ ಪ್ಯಾರಾಚೂಟಿನ ಹಗ್ಗದಿಂದ ಕಟ್ಟಿದರು. ವಿಮಾನ ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ. ಥಾಮಸ್ ಜೇನ್ ಈ ಪಾತ್ರವನ್ನು ಮಾಡಿದ್ದಾರೆ, ಚಿತ್ರದಲ್ಲಿ ನನಗೆ ಇಷ್ಟವಾದ ಭಾಗಗಳಲ್ಲಿ ಇದೂ ಒಂದು. ರಾತ್ರಿ ಬಂದ ಸೆಸಿಲ್ ಡಾಯ್ಲ್ ಎಂಬ ಹಡಗಿನ ಕ್ಯಾಪ್ಟನ್, ಶತ್ರುಗಳಿಗೆ ತನ್ನ ಹಡಗು ಕಂಡರೂ ಕಾಣಲಿ ಎಂದು ದೀಪವನ್ನು ಮೋಡಗಳತ್ತ ತಿರುಗಿಸಿ ಉರಿಸಿದರು. ನೀರಿನಲ್ಲಿದ್ದವರಲ್ಲಿ ಬಹಳಷ್ಟು ಮಂದಿಗೆ ಯಾರೋ ಬಂದಿದ್ದಾರೆಂದು ಮೊದಲು ತಿಳಿದದ್ದು ಆ ಬೆಳಕಿನಿಂದ. ಮಾರ್ಕ್ಸ್ ಸಮುದ್ರಕ್ಕೆ ಇಳಿದದ್ದೂ ಈ ಕ್ಯಾಪ್ಟನ್ ದಾರಿ ತಿರುಗಿಸಿ ಬಂದದ್ದೂ ಯಾರ ಅಪ್ಪಣೆಗೂ ಕಾಯದೆ ಎಂಬುದನ್ನು ಓದುಗರು ಗಮನಿಸಬೇಕು.

ಹಡಗು ಮುಳುಗಿದ ಸುದ್ದಿಯನ್ನು ಅಮೆರಿಕದ ನೌಕಾಪಡೆ ಹೊರಗೆ ಬಿಟ್ಟದ್ದು ಜಪಾನ್ ಶರಣಾದ ಸುದ್ದಿ ಬಂದ ದಿನವೇ. ಜನ ಬೀದಿಯಲ್ಲಿ ಕುಣಿಯುತ್ತಿದ್ದಾಗ ಸತ್ತವರ ಮನೆಗಳಿಗೆ ತಂತಿ ಬಂತು. ಡಿಸೆಂಬರಿನಲ್ಲಿ ಮ್ಯಾಕ್‌ವೇ ಅವರನ್ನು ಕೋರ್ಟ್ ಮಾರ್ಷಲ್ ಮಾಡಲಾಯಿತು. ಆರೋಪ: ಹಡಗನ್ನು ಅಂಕುಡೊಂಕಾಗಿ ನಡೆಸದೆ ಅಪಾಯಕ್ಕೆ ಒಡ್ಡಿದ್ದು. ಆ ರಾತ್ರಿ ಬೆಳಕು ಚೆನ್ನಾಗಿಲ್ಲದಿದ್ದರೆ ನೆಟ್ಟಗೆ ಹೋಗುವ ತೀರ್ಮಾನವನ್ನು ಕ್ಯಾಪ್ಟನ್ ತಾನೇ ತೆಗೆದುಕೊಳ್ಳಬಹುದು ಎಂದು ಆದೇಶದಲ್ಲಿಯೇ ಇತ್ತು. ಆ ಯುದ್ಧದಲ್ಲಿ ಶತ್ರುವಿನ ದಾಳಿಗೆ ಹಡಗು ಕಳೆದುಕೊಂಡದ್ದಕ್ಕಾಗಿ ಕೋರ್ಟ್ ಮಾರ್ಷಲ್ ಎದುರಿಸಿದ ಅಮೆರಿಕದ ಕ್ಯಾಪ್ಟನ್ ಇವರೊಬ್ಬರೇ.

ಚಿತ್ರ ಎದ್ದು ನಿಲ್ಲುವುದು ಇಲ್ಲಿ. ಹಡಗನ್ನು ಮುಳುಗಿಸಿದ ಐ-58ರ ಕಮಾಂಡರ್ ಮೊಚಿತ್ಸುರಾ ಹಾಶಿಮೊಟೊ ಅವರನ್ನೇ ಸಾಕ್ಷಿಗಾಗಿ ವಾಷಿಂಗ್ಟನ್‌ಗೆ ಕರೆಸಿದರು. ಸೋತ ದೇಶದ ಅಧಿಕಾರಿಯನ್ನು ಗೆದ್ದ ದೇಶದ ನ್ಯಾಯಪೀಠದ ಮುಂದೆ ನಿಲ್ಲಿಸಿ, ಅವರು ಕೊಂದವರ ಕ್ಯಾಪ್ಟನ್ ತಪ್ಪಿತಸ್ಥನೋ ಅಲ್ಲವೋ ಎಂದು ಕೇಳುವ ಸನ್ನಿವೇಶ ಅದು. ಹಡಗು ಅಂಕುಡೊಂಕಾಗಿ ಹೋಗಿದ್ದರೂ ಗುರಿ ತಪ್ಪುತ್ತಿರಲಿಲ್ಲ ಎಂದು ಅವರು ಹೇಳಿದರು. ಆದರೂ ತೀರ್ಪು ಮ್ಯಾಕ್‌ವೇ ಅವರ ವಿರುದ್ಧವೇ ಬಂತು. ಯುತಾಕಾ ತಾಕೆಯುಚಿ ಹಾಶಿಮೊಟೊ ಪಾತ್ರವನ್ನು ಖಳನಂತೆ ಮಾಡಿಲ್ಲ, ಬಹಳ ದಣಿದ, ತನ್ನ ಕೆಲಸವನ್ನು ಮಾಡಿ ಅದರ ಭಾರವನ್ನು ಹೊತ್ತ ಮನುಷ್ಯನಂತೆ ಮಾಡಿದ್ದಾರೆ. ಈ ಇಬ್ಬರು ಮುಖಾಮುಖಿಯಾಗುವಲ್ಲಿ ಹೆಚ್ಚು ಮಾತಿಲ್ಲ, ಬೇಕಾಗಿಯೂ ಇಲ್ಲ. ಚಿತ್ರ ಈ ಕೋಣೆಯಿಂದಲೇ ಶುರುವಾಗಿ, ಸಾಕ್ಷಿಗಳ ಬಾಯಿಂದ ಸಮುದ್ರಕ್ಕೆ ಹೋಗಿ ಮತ್ತೆ ಈ ಕೋಣೆಗೇ ಬರುವಂತೆ ಹೆಣೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನಗೆ ಮತ್ತೆ ಮತ್ತೆ ಅನ್ನಿಸಿತು.

ಬದುಕಿ ಬಂದ ನಾವಿಕರಲ್ಲಿ ಹೆಚ್ಚಿನವರು ತಮ್ಮ ಕ್ಯಾಪ್ಟನ್ ಪರವಾಗಿಯೇ ನಿಂತರು. ಆದರೆ ಸತ್ತ ಹುಡುಗರ ಮನೆಗಳಿಂದ ಕೆಲವರು, ನಮ್ಮ ಮಗನನ್ನು ಕೊಂದವನು ನೀನು ಎಂದು ವರ್ಷಗಟ್ಟಲೆ ಮ್ಯಾಕ್‌ವೇ ಅವರಿಗೆ ಪತ್ರ ಬರೆದರು. 1968ರ ನವೆಂಬರ್ 6ರಂದು ಅವರು ತಮ್ಮ ಮನೆಯ ಅಂಗಳದಲ್ಲಿ ಗುಂಡು ಹಾರಿಸಿಕೊಂಡು ತೀರಿಕೊಂಡರು. ಅವರ ಕೈಯಲ್ಲಿ ಒಂದು ಆಟಿಕೆಯ ನಾವಿಕ ಗೊಂಬೆ ಇತ್ತು. ಚಿತ್ರ ಈ ಭಾಗವನ್ನು ಗೌರವದಿಂದ ತೋರಿಸುತ್ತದೆ, ಸಂಗೀತವನ್ನು ಇನ್ನಷ್ಟು ತಗ್ಗಿಸಬಹುದಾಗಿತ್ತು.

ಅಲ್ಲಿಗೆ ಮೊಮ್ಮಗ ಲ್ಯಾಪ್‌ಟಾಪ್ ನಿಲ್ಲಿಸಿ, ‘ಆಮೇಲೆ ಯಾರೂ ಅವ್ರು ತಪ್ಪು ಮಾಡ್ಲಿಲ್ಲ ಅಂತ ಹೇಳ್ಲಿಲ್ವ ಅಜ್ಜ?’ ಎಂದು ಕೇಳಿದ. ಹೇಳಿದರು ಎಂದೆ. ಫ್ಲಾರಿಡಾದ ಆರನೇ ತರಗತಿಯ ಹುಡುಗ ಹಂಟರ್ ಸ್ಕಾಟ್ 1996ರಲ್ಲಿ ಶಾಲೆಯ ಇತಿಹಾಸದ ಪ್ರಾಜೆಕ್ಟಿಗಾಗಿ ಈ ಹಡಗಿನ ವಿಷಯ ಹಿಡಿದು, ಬದುಕುಳಿದ ನೂರಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಿ, ನೂರಾರು ದಾಖಲೆಗಳನ್ನು ಕಲೆಹಾಕಿ, ಆ ವೃದ್ಧರ ಜೊತೆ ಅಮೆರಿಕದ ಸಂಸತ್ತಿನವರೆಗೂ ಹೋದ. ಹಾಶಿಮೊಟೊ ಅವರೂ ತಮ್ಮ ಇಳಿವಯಸ್ಸಿನಲ್ಲಿ ಮ್ಯಾಕ್‌ವೇ ಪರವಾಗಿ ಅಮೆರಿಕದ ಸೆನೆಟರ್ ಒಬ್ಬರಿಗೆ ಪತ್ರ ಬರೆದರು. 2000ದ ಅಕ್ಟೋಬರಿನಲ್ಲಿ ಸಂಸತ್ತು, ಹಡಗಿನ ನಷ್ಟಕ್ಕೆ ಮ್ಯಾಕ್‌ವೇ ಹೊಣೆಯಲ್ಲ ಎಂಬ ನಿರ್ಣಯ ಮಾಡಿತು. ಅದೇ ತಿಂಗಳಲ್ಲಿ ಹಾಶಿಮೊಟೊ ತೀರಿಕೊಂಡರು. ಹಡಗಿನ ಅವಶೇಷ ಸಿಕ್ಕಿದ್ದು ಈ ಚಿತ್ರ ಬಂದ ಮರುವರ್ಷ, 2017ರ ಆಗಸ್ಟಿನಲ್ಲಿ, ಫಿಲಿಪ್ಪೀನ್ ಸಮುದ್ರದಲ್ಲಿ ಸುಮಾರು 5,500 ಮೀಟರ್ ಆಳದಲ್ಲಿ. ಮೊಮ್ಮಗ ಏಳನೇ ತರಗತಿ. ಆ ಹುಡುಗ ತನಗಿಂತ ಚಿಕ್ಕವನಾಗಿದ್ದಾಗ ಈ ಕೆಲಸ ಶುರು ಮಾಡಿದ್ದು ಅವನಿಗೆ ಇಡೀ ಚಿತ್ರಕ್ಕಿಂತ ದೊಡ್ಡ ಸಂಗತಿಯಾಗಿ ಕಂಡಿತು.

ಈ ಚಿತ್ರ ನೋಡುವಾಗ ನಮ್ಮದೇ ಐಎನ್‌ಎಸ್ ಖುಕ್ರಿ ನೆನಪಾಗದೆ ಇರುವುದಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿಯ ಟಾರ್ಪಿಡೊಗೆ ಸಿಕ್ಕು ಅದು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡಲಿಲ್ಲ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ದಿಯುವಿನಲ್ಲಿ ಸ್ಮಾರಕವಿದೆ. ಮುಲ್ಲಾ ಹಡಗಿನೊಂದಿಗೆ ಹೋದರು, ಮ್ಯಾಕ್‌ವೇ ನೀರಿಗೆ ಬಿದ್ದು ಬದುಕಿದರು. ಒಬ್ಬರಿಗೆ ಪದಕ, ಇನ್ನೊಬ್ಬರಿಗೆ ವಿಚಾರಣೆ. ಬದುಕಿದ್ದೇ ತಪ್ಪೆಂಬಂತೆ ಒಬ್ಬ ಮನುಷ್ಯ ಇಪ್ಪತ್ತಮೂರು ವರ್ಷ ಬಾಳಬೇಕಾಯಿತು ಎಂಬುದನ್ನು ಈ ಚಿತ್ರ ಮನಸ್ಸಿಗೆ ತಟ್ಟುವಂತೆ ಹೇಳಿದೆ, ಅದಕ್ಕಾಗಿ ಅದರ ಎಷ್ಟೋ ಕೊರತೆಗಳನ್ನು ನಾನು ಮರೆಯಬಲ್ಲೆ. ಖುಕ್ರಿಯಿಂದ ಪಾರಾಗಿ ಬಂದವರ ಕತೆ ಕನ್ನಡದ ತೆರೆಯ ಮೇಲೆ ಬರಲಿ ಎಂಬ ಆಸೆ ನನಗಿದೆ. ಬಂದಾಗ, ಆ ರಾತ್ರಿ ದಡದ ಮೇಲೆ ರೇಡಿಯೊ ಮುಂದೆ ಕೂತು ಕಾಯುತ್ತಿದ್ದವರಿಗೂ ಅದರಲ್ಲಿ ಒಂದು ಪಾತ್ರವಿರಲಿ.

ನೋಡಬೇಕೆಂದಿರುವವರಿಗೆ ಒಂದೆರಡು ಮಾತು. ಚಿತ್ರ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿದೆ. ಗಾಯ, ಸಾವು, ಸುಟ್ಟ ಮೈಗಳು ಹೇರಳವಾಗಿರುವುದರಿಂದ ಚಿಕ್ಕ ಮಕ್ಕಳಿಗೆ ಬೇಡ. ನಮ್ಮ ಹುಡುಗನಿಗೂ ಶಾರ್ಕ್ ಬರುವ ಕೆಲವು ಕಡೆ ನಾನೇ ಮುಂದಕ್ಕೆ ಓಡಿಸಿದೆ. ಇಂಗ್ಲಿಷ್ ಸಂಭಾಷಣೆಯನ್ನು ಅಡಿಬರಹದೊಂದಿಗೆ ನೋಡುವುದು ಒಳ್ಳೆಯದು, ಅಲೆ ಮತ್ತು ಸಂಗೀತದ ಸದ್ದಿನಲ್ಲಿ ಮಾತು ಹಲವೆಡೆ ಕೇಳಿಸುವುದಿಲ್ಲ. ನನ್ನ ಹಳೆಯ ನಿಲ್ದಾಣದಲ್ಲಿ ಹೊಸದಾಗಿ ನಿಯಂತ್ರಕರಾಗಿ ಬಂದಿರುವ ಇಬ್ಬರು ಹುಡುಗರು ಆಗಾಗ ದಾವಣಗೆರೆಗೆ ಬಂದಾಗ ಮನೆಗೆ ಬರುತ್ತಾರೆ. ಮುಂದಿನ ಸಲ ಬಂದಾಗ ಪ್ರೇಮದ ಭಾಗವನ್ನು ದಾಟಿಸಿ, ಹಡಗು ಗ್ವಾಮ್ ಬಿಟ್ಟಲ್ಲಿಂದ ಅವರಿಗೆ ಈ ಚಿತ್ರ ತೋರಿಸಬೇಕೆಂದಿದ್ದೇನೆ. ಜುಲೈ 31ರ ಬೆಳಿಗ್ಗೆ 11 ಗಂಟೆಗೆ ಚಿತ್ರ ನಿಲ್ಲಿಸಿ, ಲೇಟೆಯ ಕಚೇರಿಯಲ್ಲಿ ನಡೆದದ್ದನ್ನು ನಾನೇ ಹೇಳುತ್ತೇನೆ.